ಜೋಳವಾಳಿಯಿಂದ ಸಂಸತ್ತಿನವರೆಗೆ: ಸೈನಿಕ ಶಿಸ್ತು ಮತ್ತು ಅದರ ಮೇಲಿನ ಕಣ್ಣು

ಸೈನಿಕನ ಕರ್ತವ್ಯವನ್ನು ಹೇಳುವ ಪದಗಳಿಗೆ ಹಳಗನ್ನಡದಲ್ಲಿ ಕೊರತೆಯಿಲ್ಲ. ಉಂಡ ಅನ್ನದ ಋಣವನ್ನು ಯುದ್ಧಭೂಮಿಯಲ್ಲಿ ತೀರಿಸುವುದು ಜೋಳವಾಳಿ. ಒಡೆಯನಿಗೆ ಆಪತ್ತು ಬಂದ ವೇಳೆಯಲ್ಲಿ ಪ್ರಾಣ ಕೊಡುವೆನೆಂಬ ನುಡಿಗೆ ತಪ್ಪದಿರುವುದು ವೇಳೆವಾಳಿ. ಒಡೆಯನೊಡನೆ ಸಾಯಲು ಸಂಕಲ್ಪಿಸಿದ ಲೆಂಕರ ವ್ರತ ಲೆಂಕವಾಳಿ. ಹೊಯ್ಸಳರ ಕಾಲದಲ್ಲಿ ಇಂಥವರಿಗೆ ಗರುಡರೆಂಬ ಹೆಸರೂ ಇತ್ತು. ಇಮ್ಮಡಿ ಬಲ್ಲಾಳನ ಮರಣಾನಂತರ ದಂಡನಾಯಕ ಕುವರಲಕ್ಷ್ಮನು ತನ್ನ ಮಡದಿ ಹಾಗೂ ಸಂಗಡಿಗರೊಡನೆ ಆತ್ಮಾರ್ಪಣೆ ಮಾಡಿಕೊಂಡುದನ್ನು ಹೇಳುವ ಕಂಬ ಹಳೇಬೀಡಿನಲ್ಲಿ ಇಂದಿಗೂ ನಿಂತಿದೆ. ಕಾವ್ಯಗಳಲ್ಲಿಯೂ ಇದೇ ಮೌಲ್ಯ ಮೆರೆದಿದೆ. ತನ್ನ ಹುಟ್ಟಿನ ಗುಟ್ಟು ತಿಳಿದ ಮೇಲೆಯೂ ಪಂಪನ ಕರ್ಣನು ದುರ್ಯೋಧನನನ್ನು ಬಿಟ್ಟುಹೋಗದಿರುವುದು ಈ ಋಣಪ್ರಜ್ಞೆಯಿಂದಲೇ.

ಈ ಸಂಬಂಧವು ಒಮ್ಮುಖವಾದುದಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಮಡಿದ ವೀರನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ಆತಕೂರಿನ ಶಾಸನದಂತೆ, ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲರನಿಗೆ ಬೇಡಿದುದನ್ನು ಕೊಡಲು ಒಡೆಯನು ಮುಂದಾದನು. ಅವನು ಕೇಳಿ ಪಡೆದುದು ಕಾಳಿ ಎಂಬ ಬೇಟೆನಾಯಿಯನ್ನು. ಸೇವಕನು ಕೇಳಬಹುದು, ಒಡೆಯನು ಕೊಡಬೇಕು ಎಂಬ ನಂಬುಗೆ ಅಲ್ಲಿತ್ತು. ಆದರೆ ಒಡೆಯನೇ ತಪ್ಪಿದರೆ, ಅವನ ಕೆಳಗಿನ ನಾಯಕನು ಆಳನ್ನು ಅಕಾರಣವಾಗಿ ಹಿಂಸಿಸಿದರೆ, ಆಳು ಯಾರ ಬಾಗಿಲು ತಟ್ಟಬೇಕು? ವೀರಗಲ್ಲುಗಳು ಈ ಪ್ರಶ್ನೆಗೆ ಉತ್ತರಿಸುವುದಿಲ್ಲ. ಅವು ಗೆದ್ದವರ ಹಾಗೂ ಸತ್ತವರ ಮಾತನ್ನು ಹೇಳುತ್ತವೆ. ಕವಾಯತು ಮೈದಾನದಲ್ಲಿ ನೊಂದವನ ಮಾತನ್ನು ಹೇಳುವುದಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕಿದ ಚರಿತ್ರೆ ಈಚಿನದು. ಅದರಲ್ಲಿ ಕರಾವಳಿಯ ಹೆಸರುಗಳೂ ಕೊಡಗಿನ ಹೆಸರುಗಳೂ ಮತ್ತೆ ಮತ್ತೆ ಬರುತ್ತವೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಡುಪಿ, ಕಾಪು, ಕಾರ್ಕಳಗಳನ್ನೊಳಗೊಂಡ ಕೆನರಾ ಸೀಮೆಯು ಈಸ್ಟ್ ಇಂಡಿಯಾ ಕಂಪೆನಿಯ ಮದರಾಸು ಸರಕಾರಕ್ಕೆ ಸೇರಿತು. ಇಲ್ಲಿನ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಮೂಲತಃ ಕಂಪೆನಿಯ ಸೈನ್ಯಾಧಿಕಾರಿ. ಏಳು ವರ್ಷ ಕಳೆಯುವಷ್ಟರಲ್ಲಿ ಅದೇ ಮದರಾಸು ಸರಕಾರದ ಸೈನ್ಯದಲ್ಲಿ ವೇಲೂರಿನ ದಂಗೆ ನಡೆಯಿತು. ಅದರ ತತ್‌ಕ್ಷಣದ ಕಾರಣ ಶಿಸ್ತಿನ ಹೆಸರಿನಲ್ಲಿ ಹೊರಟ ಒಂದು ಆಜ್ಞೆ. ಸೇನಾಪತಿ ಸರ್ ಜಾನ್ ಕ್ರಾಡಕ್‌ನ ಕಾಲದಲ್ಲಿ ಸಿಪಾಯಿಗಳು ಕವಾಯತಿನ ವೇಳೆ ಹಣೆಯ ನಾಮ, ವಿಭೂತಿಗಳನ್ನು ಹಚ್ಚಬಾರದು, ಕಿವಿಯ ಒಂಟಿಗಳನ್ನು ತೊಡಬಾರದು, ಗಡ್ಡಮೀಸೆಗಳನ್ನು ನಿಯಮದಂತೆ ಕತ್ತರಿಸಬೇಕು, ತೊಗಲಿನ ತುರಾಯಿಯಿದ್ದ ಹೊಸ ಮಾದರಿಯ ರುಮಾಲನ್ನು ಧರಿಸಬೇಕು ಎಂಬ ಕಟ್ಟಳೆಗಳಾದವು. ಒಪ್ಪದ ಸಿಪಾಯಿಗಳಿಗೆ 1806ರ ಮೇ ತಿಂಗಳಲ್ಲಿ ಛಡಿಯೇಟಿನ ಶಿಕ್ಷೆಯಾಯಿತು. ಜುಲೈ 10ರ ಮುಂಜಾನೆ ವೇಲೂರು ಕೋಟೆಯಲ್ಲಿ ರಕ್ತ ಹರಿಯಿತು. ಟಿಪ್ಪುವಿನ ಮಕ್ಕಳನ್ನು ಅದೇ ಕೋಟೆಯಲ್ಲಿ ಇರಿಸಿದ್ದುದರಿಂದ ಪ್ರಕರಣಕ್ಕೆ ರಾಜಕೀಯದ ಬಣ್ಣವೂ ಇತ್ತು.

ವೇಲೂರಿನ ಕಥೆಯಲ್ಲಿ ಒಂದು ಸಣ್ಣ ಸಂಗತಿ ಇಂದಿನ ವಿಚಾರಕ್ಕೆ ಹೆಚ್ಚು ಸಲ್ಲುತ್ತದೆ. ದಂಗೆಗೆ ಕೆಲವು ವಾರಗಳ ಮುನ್ನವೇ ಮುಸ್ತಫಾ ಬೇಗ್ ಎಂಬ ಸಿಪಾಯಿಯು ಒಳಗಿನ ಕುದಿತವನ್ನು ತನ್ನ ಮೇಲಧಿಕಾರಿಗೆ ತಿಳಿಸಿದ್ದನು. ಆ ಮಾತನ್ನು ಪರಿಶೀಲಿಸಲು ಒಪ್ಪಿಸಿದುದು ಅದೇ ಪಡೆಯ ದೇಶೀ ಅಧಿಕಾರಿಗಳಿಗೆ. ಅವರು ಆತನನ್ನು ಹುಚ್ಚನೆಂದು ಸಾರಿದರು. ಅವನು ಸೆರೆಮನೆ ಸೇರಿದನು. ದಂಗೆಯ ಅನಂತರವೇ ಅವನ ಮಾತು ದಿಟವೆಂದು ಸರಕಾರಕ್ಕೆ ಅರಿವಾಗಿ ಬಹುಮಾನ ದೊರೆಯಿತು. ದೂರು ಯಾರ ಮೇಲಿದೆಯೋ ಅವರ ಬಳಗವೇ ವಿಚಾರಣೆಗೆ ಕುಳಿತರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಭಾರತದ ಸೈನಿಕ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ಹುಡುಕುವುದು ಕಷ್ಟ.

ವೇಲೂರಿನ ಹೊಣೆಗಾಗಿ ಕಂಪೆನಿಯ ನಿರ್ದೇಶಕರು ಕ್ರಾಡಕ್‌ನನ್ನೂ ಗವರ್ನರ್ ವಿಲಿಯಂ ಬೆಂಟಿಂಕ್‌ನನ್ನೂ ಹಿಂದಕ್ಕೆ ಕರೆಸಿಕೊಂಡರು. ಅದೇ ಬೆಂಟಿಂಕ್ ಮುಂದೆ ಗವರ್ನರ್ ಜನರಲ್ ಆಗಿ ಬಂದು, ನಿರ್ಗಮಿಸುವ ಮುನ್ನ 1835ರಲ್ಲಿ ದೇಶೀ ಸೈನ್ಯದಲ್ಲಿ ಛಡಿಯೇಟನ್ನು ರದ್ದುಗೊಳಿಸಿದನು. ಆಗ ವಿಚಿತ್ರವಾದ ಸ್ಥಿತಿಯೊಂದು ಹುಟ್ಟಿತು. ಒಂದೇ ದಂಡಿನಲ್ಲಿ ಭಾರತೀಯ ಸಿಪಾಯಿಯ ಬೆನ್ನಿಗೆ ಏಟಿಲ್ಲ, ಇಂಗ್ಲಿಷ್ ಸೈನಿಕನ ಬೆನ್ನಿಗೆ ಏಟು ತಪ್ಪದು. 1845ರಲ್ಲಿ ಹಾರ್ಡಿಂಜ್ ಸಿಪಾಯಿಗೂ ಆ ಶಿಕ್ಷೆಯನ್ನು ಮರಳಿ ತಂದನು. ಭಾರತೀಯ ಸೈನ್ಯದಿಂದ ಅದು ಕೊನೆಗೂ ತೊಲಗಿದುದು 1920ರಲ್ಲಿ.

ಇಂಗ್ಲೆಂಡಿನಲ್ಲಿ ಈ ಶಿಕ್ಷೆ ಹೋದ ಬಗೆ ಬೇರೆ. ಅಲ್ಲಿ 1689ರ ದಂಗೆ ಕಾಯಿದೆಯಿಂದ ಮೊದಲ್ಗೊಂಡು ಸೈನಿಕ ಶಿಸ್ತಿನ ಕಾನೂನಿಗೆ ಪಾರ್ಲಿಮೆಂಟಿನ ಅನುಮತಿಯನ್ನು ಮತ್ತೆ ಮತ್ತೆ ಪಡೆಯಬೇಕಾದ ಪದ್ಧತಿ ಬೆಳೆಯಿತು. ಹೀಗಾಗಿ ಸೈನಿಕನ ಬೆನ್ನಿನ ಗಾಯವು ಸದನದ ಚರ್ಚೆಗೆ ಬರುವುದು ಸಾಧ್ಯವಾಯಿತು. 1846ರಲ್ಲಿ ಹೌನ್ಸ್ಲೋ ಎಂಬಲ್ಲಿ ಛಡಿಯೇಟು ತಿಂದ ಸೈನಿಕನೊಬ್ಬನು ಸತ್ತಾಗ ಗದ್ದಲವೆದ್ದು ಏಟಿನ ಮಿತಿ ಐವತ್ತಕ್ಕೆ ಇಳಿಯಿತು. 1868ರಲ್ಲಿ ಶಾಂತಿಕಾಲಕ್ಕೂ 1881ರಲ್ಲಿ ಸಂಪೂರ್ಣವಾಗಿಯೂ ಅದು ರದ್ದಾಯಿತು. ಭಾರತದಲ್ಲಿ ಪ್ರಜೆಗಳು ಆರಿಸಿದ ಸದನವಿರಲಿಲ್ಲ. ಇಲ್ಲಿ ಒಬ್ಬ ಗವರ್ನರ್ ಜನರಲ್ ತೆಗೆದುದನ್ನು ಮತ್ತೊಬ್ಬನು ತರಬಹುದಿತ್ತು.

ಸದನವಷ್ಟೇ ಅಲ್ಲ, ಪತ್ರಿಕೆಯೂ ಸೈನ್ಯದೊಳಗೆ ಇಣುಕಬಾರದೆಂಬುದು ಆಳುವವರ ನಿಲುವಾಗಿತ್ತು. ಕೆನರಾದ ಮೊದಲ ಕಲೆಕ್ಟರನಾಗಿದ್ದ ಮನ್ರೋ ಮದರಾಸಿನ ಗವರ್ನರನಾಗಿ 1822ರಲ್ಲಿ ಬರೆದ ಟಿಪ್ಪಣಿಯಲ್ಲಿ, ಮುಕ್ತ ಪತ್ರಿಕೆಯ ಮೊದಲ ಪರಿಣಾಮವು ದೇಶೀ ಸೈನ್ಯದ ಮೇಲಾಗುವುದೆಂದೂ ಅದರಿಂದ ಶಿಸ್ತು ಸಡಿಲಗೊಂಡು ರಾಜ್ಯಕ್ಕೇ ಕುತ್ತು ಬರುವುದೆಂದೂ ವಾದಿಸಿದನು. ಪರಕೀಯ ಪ್ರಭುತ್ವದ ದೃಷ್ಟಿಯಿಂದ ಇದು ತರ್ಕಬದ್ಧವೇ. ಪ್ರಶ್ನೆಯಿರುವುದು, ಪರಕೀಯರು ಹೋದ ಮೇಲೆ ಈ ಭಯದಲ್ಲಿ ಎಷ್ಟು ಪಾಲು ಉಳಿಯಿತು ಎಂಬಲ್ಲಿ.

ಸಂವಿಧಾನ ರಚನೆಯ ಕಾಲದಲ್ಲಿ ಸಾಂವಿಧಾನಿಕ ಸಲಹೆಗಾರರಾಗಿದ್ದವರು ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಹ ರಾವ್. ಮುಂದೆ ಲೋಕಸಭೆಯಲ್ಲಿ ಉಡುಪಿಯನ್ನು ಪ್ರತಿನಿಧಿಸಿದ ಯು. ಶ್ರೀನಿವಾಸ ಮಲ್ಯರು ಆ ಸಭೆಯ ಸದಸ್ಯರು. ಆ ಸಂವಿಧಾನದ 33ನೆಯ ಅನುಚ್ಛೇದವು ಮೂಲಭೂತ ಹಕ್ಕುಗಳು ಸೈನಿಕನಿಗೆ ಎಷ್ಟರಮಟ್ಟಿಗೆ ಅನ್ವಯಿಸಬೇಕೆಂಬುದನ್ನು ನಿರ್ಧರಿಸುವ ಅಧಿಕಾರವನ್ನು ಸಂಸತ್ತಿಗೆ ಕೊಡುತ್ತದೆ. ಇಲ್ಲಿ ಎರಡು ಮಾತುಗಳಿವೆ. ಮೊದಲನೆಯದು, ಸೈನಿಕನ ಹಕ್ಕುಗಳನ್ನು ಮೊಟಕುಗೊಳಿಸಬಹುದು. ಎರಡನೆಯದು, ಮೊಟಕುಗೊಳಿಸುವ ಅಧಿಕಾರ ಸೇನಾಪತಿಯದೂ ಅಲ್ಲ, ಮಂತ್ರಿಯದೂ ಅಲ್ಲ. ಅದು ಸಂಸತ್ತು ಮಾಡುವ ಕಾನೂನಿನದು. ಮೊದಲನೆಯ ಮಾತನ್ನು ಎಲ್ಲರೂ ನೆನೆಯುತ್ತಾರೆ. ಎರಡನೆಯದು ಬಹಳ ಸಲ ಮರೆತುಹೋಗುತ್ತದೆ.

ಈ ಅಧಿಕಾರದಿಂದ ಬಂದುದು 1950ರ ಸೇನಾ ಕಾಯಿದೆ. ಅದರ ಬಹುಪಾಲು ಚೌಕಟ್ಟು 1911ರ ಬ್ರಿಟಿಷರ ಕಾಲದ ಕಾಯಿದೆಯಿಂದ ಇಳಿದುಬಂದುದು. 21ನೆಯ ಕಲಮಿನಂತೆ ಸೈನಿಕನು ಕಾರ್ಮಿಕ ಸಂಘವನ್ನು ಸೇರುವುದನ್ನೂ ರಾಜಕೀಯ ಸಭೆಗಳಲ್ಲಿ ಭಾಗವಹಿಸುವುದನ್ನೂ ಪತ್ರಿಕೆಗಳೊಡನೆ ವ್ಯವಹರಿಸುವುದನ್ನೂ ಸರಕಾರ ನಿರ್ಬಂಧಿಸಬಹುದು. ಕೈಕೆಳಗಿನವನ ಮೇಲೆ ಬಲಪ್ರಯೋಗ ಮಾಡುವ ಅಥವಾ ಅವನನ್ನು ಹಿಂಸಿಸುವ ಮೇಲಿನವನಿಗೆ 47ನೆಯ ಕಲಮು ಏಳು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುತ್ತದೆ. ಅಂದರೆ ಹೊಸ ಸೈನಿಕನನ್ನು ಹೊಡೆದು ಪಳಗಿಸುವುದು ಶಿಸ್ತಿನ ಭಾಗವಲ್ಲ, ಶಿಸ್ತಿನ ಉಲ್ಲಂಘನೆ ಎಂಬುದನ್ನು ಕಾಯಿದೆಯೇ ಸಾರಿದೆ. ಈ ದೃಷ್ಟಿಯಿಂದ ನೋಡಿದರೆ ಕಾನೂನಿನ ಅಕ್ಷರದಲ್ಲಿ ದೋಷವಿಲ್ಲ.

ದೋಷವಿರುವುದು ದಾರಿಯಲ್ಲಿ. 26ನೆಯ ಕಲಮಿನಂತೆ ನೊಂದ ಸೈನಿಕನು ತಾನಿರುವ ಪಡೆಯ ಅಧಿಕಾರಿಗೇ ದೂರು ಕೊಡಬೇಕು. ದೂರು ಆ ಅಧಿಕಾರಿಯ ಮೇಲೆಯೇ ಇದ್ದರೆ ಅವನ ಮೇಲಿನವನಿಗೆ. ದೂರು ತಿಳಿದೂ ಹೇಳಿದ ಸುಳ್ಳೆಂದು ಸಿದ್ಧವಾದರೆ 56ನೆಯ ಕಲಮಿನಂತೆ ಐದು ವರ್ಷಗಳವರೆಗೆ ಸೆರೆಯಾಗಬಹುದು. ಇದರ ಜೊತೆಗೆ 1857ರ ತರುವಾಯದ ಆತಂಕದಿಂದ ಬಂದ ಸಂಕ್ಷಿಪ್ತ ಸೇನಾ ನ್ಯಾಯಾಲಯವೆಂಬ ವ್ಯವಸ್ಥೆಯೂ ಉಳಿದುಕೊಂಡಿದೆ. ಅದರಲ್ಲಿ ಪಡೆಯ ಮುಖ್ಯಾಧಿಕಾರಿಯೊಬ್ಬನೇ ನ್ಯಾಯಪೀಠ. ಅವನು ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನ ದರ್ಜೆಯವನಾದರೆ ಒಂದು ವರ್ಷದವರೆಗೆ ಸೆರೆ ವಿಧಿಸಬಹುದು. ಸಾಮಾನ್ಯವಾಗಿ ತೀರ್ಪಿಗೆ ಮೇಲಿನವರ ದೃಢೀಕರಣವೂ ಬೇಡ. ಮುಸ್ತಫಾ ಬೇಗನ ಕಾಲದಿಂದ ಕಾನೂನು ಬಹುದೂರ ಸಾಗಿಬಂದಿದೆ. ಆದರೆ ದೂರಿನ ಮೆಟ್ಟಿಲುಗಳು ಮಾತ್ರ ಅದೇ ಕೋಟೆಯೊಳಗೇ ಏರಿ ಇಳಿಯುತ್ತವೆ.

ಸಂಸತ್ತು ಸೈನ್ಯವನ್ನು ಗಮನಿಸಲೇ ಇಲ್ಲವೆಂದು ಇದರ ಅರ್ಥವಲ್ಲ. ಆದರೆ ಅದರ ಗಮನ ಬಹುಕಾಲ ಮೇಲಿನ ತುದಿಯಲ್ಲಿತ್ತು. 1949ರ ಜನವರಿ 15ರಂದು ಕೊಡಗಿನ ಕೆ. ಎಂ. ಕಾರ್ಯಪ್ಪನವರು ಭಾರತೀಯ ಸೈನ್ಯದ ಮಹಾದಂಡನಾಯಕರಾದಾಗಿನಿಂದ ಸೈನ್ಯವು ರಾಜಕೀಯದಿಂದ ದೂರವಿರಬೇಕೆಂಬ ನಿಯಮ ಗಟ್ಟಿಗೊಂಡಿತು. ಹತ್ತು ವರ್ಷಗಳ ತರುವಾಯ ಕೊಡಗಿನವರೇ ಆದ ಕೆ. ಎಸ್. ತಿಮ್ಮಯ್ಯನವರು ರಕ್ಷಣಾ ಮಂತ್ರಿ ಕೃಷ್ಣ ಮೆನನ್ನರೊಡನೆ ಭಿನ್ನಾಭಿಪ್ರಾಯ ತಲೆದೋರಿ ರಾಜೀನಾಮೆ ಕೊಟ್ಟು, ಪ್ರಧಾನಿಯ ಮಾತಿನ ಮೇರೆಗೆ ಹಿಂತೆಗೆದುಕೊಂಡರು. 1959ರ ಸೆಪ್ಟೆಂಬರ್ 2ರಂದು ನೆಹರೂ ಅವರು ಲೋಕಸಭೆಯಲ್ಲಿ ಹೇಳಿಕೆಯಿತ್ತು, ನಾಗರಿಕ ಅಧಿಕಾರವೇ ಸರ್ವೋಚ್ಚವೆಂಬ ತತ್ತ್ವವನ್ನು ಎತ್ತಿಹಿಡಿದರು. ತತ್ತ್ವ ಸರಿಯೇ. ಆದರೆ ದಂಡನಾಯಕನ ಅಸಮಾಧಾನದ ಹಿಂದೆ ಸೈನ್ಯದ ಸಿದ್ಧತೆಯ ಬಗೆಗಿನ ಯಾವ ಕೊರಗಿತ್ತೆಂಬುದು ಸದನದಲ್ಲಿ ಬಿಚ್ಚಿಕೊಳ್ಳಲಿಲ್ಲ.

ಸರಿಯಾಗಿ ನಾಲ್ಕು ವರ್ಷಗಳ ಅನಂತರ, 1963ರ ಸೆಪ್ಟೆಂಬರ್ 2ರಂದು, ಅದೇ ಸದನದಲ್ಲಿ ರಕ್ಷಣಾ ಮಂತ್ರಿ ಯಶವಂತರಾವ್ ಚವಾಣರು ಎದ್ದುನಿಂತರು. ನಡುವೆ 1962ರ ಸೋಲು ಬಂದುಹೋಗಿತ್ತು. ಹೆಂಡರ್ಸನ್ ಬ್ರೂಕ್ಸ್ ಹಾಗೂ ಭಗತ್ ಅವರ ವಿಚಾರಣೆಯ ವಿಷಯಗಳು ಐದು: ತರಬೇತಿ, ಯುದ್ಧಸಾಮಗ್ರಿ, ಆಜ್ಞಾವ್ಯವಸ್ಥೆ, ಸೈನಿಕರ ದೇಹದಾರ್ಢ್ಯ, ಹಾಗೂ ತಮ್ಮ ಕೆಳಗಿನವರ ಮೇಲೆ ಪ್ರಭಾವ ಬೀರುವ ಅಧಿಕಾರಿಗಳ ಸಾಮರ್ಥ್ಯ. ಮೂಲ ತರಬೇತಿ ಚೆನ್ನಾಗಿದ್ದರೂ ಅದು ಪರ್ವತಯುದ್ಧಕ್ಕೆ ತಕ್ಕಂತೆ ಇರಲಿಲ್ಲವೆಂಬುದನ್ನು ಸಚಿವರು ಒಪ್ಪಿಕೊಂಡರು. ಸೈನಿಕನ ತರಬೇತಿ ಸ್ವತಂತ್ರ ಭಾರತದ ಸಂಸತ್ತಿನ ಮುಂದೆ ಇಷ್ಟು ನೇರವಾಗಿ ಬಂದ ಸಂದರ್ಭಗಳು ವಿರಳ. ಆದರೆ ಸದನಕ್ಕೆ ದೊರೆತುದು ಸಚಿವರ ಸಾರಾಂಶ. ವರದಿಯನ್ನು ಸರಕಾರ ಪ್ರಕಟಿಸಲಿಲ್ಲ.

ಈ ಸ್ಥಿತಿಗೆ ಸದನದ ರಚನೆಯೂ ಒಂದು ಕಾರಣ. ಕಾರ್ಕಳ ತಾಲೂಕಿನ ಕೌಡೂರಿನಲ್ಲಿ ಹುಟ್ಟಿದ, ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿದ್ದು 1973ರಲ್ಲಿ ಹಿರಿತನವನ್ನು ಕಡೆಗಣಿಸಿದಾಗ ರಾಜೀನಾಮೆಯಿತ್ತ ಕೆ. ಎಸ್. ಹೆಗ್ಡೆಯವರು 1977ರಲ್ಲಿ ಲೋಕಸಭೆಯ ಸಭಾಧ್ಯಕ್ಷರಾದರು. ನ್ಯಾಯಪೀಠ, ಸದನ ಎರಡನ್ನೂ ಬಲ್ಲ ಅಂಥವರು ಪೀಠದಲ್ಲಿದ್ದ ಕಾಲದಲ್ಲಿಯೂ ರಕ್ಷಣಾ ಇಲಾಖೆಗೆಂದೇ ಮೀಸಲಾದ ಸ್ಥಾಯೀ ಸಮಿತಿ ಇರಲಿಲ್ಲ. ಪ್ರಶ್ನೋತ್ತರ ವೇಳೆ, ಆಯವ್ಯಯದ ಚರ್ಚೆ, ಅಂದಾಜು ಸಮಿತಿ, ಸಾರ್ವಜನಿಕ ಲೆಕ್ಕಪತ್ರ ಸಮಿತಿಗಳಷ್ಟೇ ಸದಸ್ಯನ ಸಾಧನಗಳು. ಅವು ಖರ್ಚನ್ನು ಅಳೆಯಬಲ್ಲವು. ಬರಾಕಿನೊಳಗಿನ ಬದುಕನ್ನು ಅಳೆಯಲು ಅವುಗಳಿಗೆ ಅಳತೆಗೋಲಿಲ್ಲ. ಇಲಾಖಾವಾರು ಸ್ಥಾಯೀ ಸಮಿತಿಗಳು ಬಂದುದು 1993ರಲ್ಲಿ.

ಮೊದಲು ಮಾತನಾಡಿದುದು ನ್ಯಾಯಾಲಯ. ಪೃಥ್ವಿಪಾಲ್ ಸಿಂಗ್ ಬೇಡಿ ಪ್ರಕರಣದ 1982ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸೇನಾ ಕಾಯಿದೆಯ ಸಿಂಧುತ್ವವನ್ನು ಎತ್ತಿಹಿಡಿದರೂ, ಸೇನಾ ನ್ಯಾಯಾಲಯದ ತೀರ್ಪಿನ ಮೇಲೆ ಒಂದೇ ಒಂದು ಮೇಲ್ಮನವಿಗೂ ಅವಕಾಶವಿಲ್ಲದಿರುವುದು ಕಾನೂನಿನ ಲೋಪವೆಂದು ಹೇಳಿ ಸಂಸತ್ತಿನ ಗಮನ ಸೆಳೆಯಿತು. 1999ರಲ್ಲಿ ಕಾನೂನು ಆಯೋಗ ತನ್ನ 169ನೆಯ ವರದಿಯಲ್ಲಿ ಅದನ್ನೇ ಅನುಮೋದಿಸಿತು. 2005ರ ಮಸೂದೆಯನ್ನು ರಕ್ಷಣಾ ಸ್ಥಾಯೀ ಸಮಿತಿ ಪರಿಶೀಲಿಸಿ 2006ರಲ್ಲಿ ವರದಿಯಿತ್ತಿತು. 2007ರಲ್ಲಿ ಕಾಯಿದೆಯಾಯಿತು, 2009ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಾಧಿಕರಣ ಕೆಲಸ ತೊಡಗಿತು. ತೀರ್ಪಿನಿಂದ ಪೀಠದವರೆಗೆ 27 ವರ್ಷಗಳು. ಆಗಲೂ ಸಂಕ್ಷಿಪ್ತ ಸೇನಾ ನ್ಯಾಯಾಲಯದ ಪ್ರಕರಣಗಳಲ್ಲಿ ವಜಾ ಅಥವಾ ಮೂರು ತಿಂಗಳಿಗಿಂತ ಹೆಚ್ಚಿನ ಸೆರೆಯಾದವುಗಳಷ್ಟೇ ಅದರ ವ್ಯಾಪ್ತಿಗೆ ಬಂದವು. ದಿನನಿತ್ಯದ ಸಣ್ಣ ಶಿಕ್ಷೆಗಳೂ ಅವಮಾನಗಳೂ ಹೊರಗೇ ಉಳಿದವು.

ಆ ಸಣ್ಣ ಸಂಗತಿಗಳ ಕಡೆಗೆ ತಿರುಗಿದುದು 2008ರ ವರದಿ. ಬಾಳಾಸಾಹೇಬ ವಿಖೆ ಪಾಟೀಲರ ಅಧ್ಯಕ್ಷತೆಯ ರಕ್ಷಣಾ ಸ್ಥಾಯೀ ಸಮಿತಿಯು ಸಶಸ್ತ್ರ ಪಡೆಗಳಲ್ಲಿನ ಮಾನಸಿಕ ಒತ್ತಡವನ್ನು ಕುರಿತು ತನ್ನ 31ನೆಯ ವರದಿಯನ್ನು ಸಲ್ಲಿಸಿತು. ಸೈನಿಕರ ಆತ್ಮಹತ್ಯೆ, ಸಂಗಡಿಗರನ್ನೇ ಕೊಲ್ಲುವ ಘಟನೆಗಳು, ರಜೆಯ ಸಮಸ್ಯೆ, ಅಧಿಕಾರಿ ಹಾಗೂ ಸೈನಿಕರ ಸಂಬಂಧ ಇವೆಲ್ಲ ಅದರಲ್ಲಿ ಚರ್ಚೆಗೆ ಬಂದವು. ಅಧಿಕಾರಿಯ ಸೇವೆಗೆ ಸೈನಿಕನನ್ನು ನಿಯೋಜಿಸುವ ‘ಸಹಾಯಕ್’ ಪದ್ಧತಿಯನ್ನು ವಸಾಹತುಕಾಲದ ಪಳೆಯುಳಿಕೆಯೆಂದೂ ಸ್ವತಂತ್ರ ದೇಶಕ್ಕೆ ನಾಚಿಕೆಗೇಡೆಂದೂ ಸಮಿತಿ ಖಂಡಿಸಿತು. ಯುದ್ಧಭೂಮಿಯಲ್ಲಿ ಸಹಾಯಕನೂ ಅಧಿಕಾರಿಯೂ ಒಬ್ಬರಿಗೊಬ್ಬರು ಆಸರೆಯಾಗುವ ಜೊತೆಗಾರರೆಂಬುದು ಸೈನ್ಯದ ಸಮರ್ಥನೆ. ಈ ಸಮರ್ಥನೆಯಲ್ಲಿ ಹುರುಳಿಲ್ಲದಿಲ್ಲ. ಲೆಂಕನಿಗೂ ಒಡೆಯನಿಗೂ ಇದ್ದ ನಂಟಿನ ನೆನಪು ಅದರಲ್ಲಿದೆ. ಆದರೆ ಲೆಂಕನು ಒಡೆಯನಿಗಾಗಿ ಸಾಯಲು ಸಂಕಲ್ಪಿಸಿದವನು. ಅವನ ಮನೆಯ ಬಟ್ಟೆ ಒಗೆಯಲು ವ್ರತ ತೊಟ್ಟವನಲ್ಲ. ನೌಕಾಪಡೆ, ವಾಯುಪಡೆಗಳು ಇಂಥ ಪದ್ಧತಿಯಿಲ್ಲದೆಯೇ ಶಿಸ್ತನ್ನು ಕಾಪಾಡಿಕೊಂಡಿವೆ ಎಂಬುದೂ ಸಮರ್ಥನೆಯನ್ನು ದುರ್ಬಲಗೊಳಿಸುತ್ತದೆ.

ಇದೇ ಕಾಲದ ಇಂಗ್ಲೆಂಡಿನ ನಿದರ್ಶನ ಹೋಲಿಕೆಗೆ ತಕ್ಕುದು. ಸರ್ರೆ ಸೀಮೆಯ ಡೀಪ್‌ಕಟ್ ಶಿಬಿರದಲ್ಲಿ 1995ರಿಂದ 2002ರ ನಡುವೆ ನಾಲ್ವರು ಎಳೆಯ ಸೈನಿಕರು ಗುಂಡಿನ ಗಾಯಗಳಿಂದ ಸತ್ತರು. ಅಲ್ಲಿನ ಸದನದ ರಕ್ಷಣಾ ಸಮಿತಿಯು ಹೊಸ ಸೈನಿಕರ ಪಾಲನೆಯ ಹೊಣೆಯನ್ನೇ ವಿಷಯವಾಗಿಟ್ಟುಕೊಂಡು 2005ರಲ್ಲಿ ವರದಿಯಿತ್ತು, ಸೈನ್ಯದ ಹೊರಗಿನ ಸ್ವತಂತ್ರ ದೂರು ವ್ಯವಸ್ಥೆ ಬೇಕೆಂದಿತು. 2006ರ ಕಾಯಿದೆಯಲ್ಲಿ ಅಂಥ ದೂರು ಆಯುಕ್ತರ ಹುದ್ದೆ ಹುಟ್ಟಿತು. ಜರ್ಮನಿ 1956ರಲ್ಲಿಯೇ ಸಂಸತ್ತಿನ ಪರವಾಗಿ ಸೈನಿಕರ ಅಹವಾಲು ಕೇಳುವ ಆಯುಕ್ತನನ್ನು ತನ್ನ ಸಂವಿಧಾನದಲ್ಲಿ ಸೇರಿಸಿತು. ಅಲ್ಲಿ ಯಾವ ಸೈನಿಕನೂ ಮೇಲಧಿಕಾರಿಯ ಅಪ್ಪಣೆಯಿಲ್ಲದೆ ಅವನಿಗೆ ನೇರವಾಗಿ ಬರೆಯಬಹುದು. ಇದರಿಂದ ಆ ಸೈನ್ಯಗಳ ಶಿಸ್ತು ಮುರಿದುಬೀಳಲಿಲ್ಲ. 1822ರ ಮನ್ರೋನ ಭಯಕ್ಕೆ ಪ್ರಜಾಪ್ರಭುತ್ವಗಳು ಕೊಟ್ಟ ಉತ್ತರವಿದು.

ಭಾರತದಲ್ಲಿ ಈ ಪ್ರಶ್ನೆ 2022ರಿಂದೀಚೆಗೆ ಹೊಸ ತೂಕ ಪಡೆದಿದೆ. ಆ ವರ್ಷದ ಜೂನ್ 14ರಂದು ಘೋಷಿತವಾದ ಅಗ್ನಿಪಥ ಯೋಜನೆಯಂತೆ ತರಬೇತಿಯೂ ಸೇರಿ ಸೇವಾವಧಿ ನಾಲ್ಕು ವರ್ಷ. ಆಮೇಲೆ ಸೈನ್ಯದಲ್ಲಿ ಉಳಿಯುವವರು ನೂರಕ್ಕೆ ಇಪ್ಪತ್ತೈದರವರೆಗೆ. ಯೋಜನೆ ಬಂದುದು ಸರಕಾರದ ನಿರ್ಧಾರವಾಗಿ, ಸಂಸತ್ತಿನ ಮಸೂದೆಯಾಗಿ ಅಲ್ಲ. 2023ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವೂ ಸರ್ವೋಚ್ಚ ನ್ಯಾಯಾಲಯವೂ ಅದರ ಸಿಂಧುತ್ವವನ್ನು ಒಪ್ಪಿವೆ. ಅದರ ಗುಣದೋಷಗಳ ಚರ್ಚೆ ಬೇರೆ. ಇಲ್ಲಿ ಗಮನಿಸಬೇಕಾದುದು ಒಂದೇ: ಕಾಪುವಿನಿಂದಲೋ ಕಾರ್ಕಳದಿಂದಲೋ ಹೊರಟು ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರವನ್ನೋ ಬೆಂಗಳೂರಿನ ತರಬೇತಿ ಕೇಂದ್ರಗಳಲ್ಲೊಂದನ್ನೋ ಸೇರುವ ಹದಿನೆಂಟರ ಹುಡುಗನ ಮುಂದಿನ ಬದುಕು ಈಗ ಮೇಲಿನವರ ಮೌಲ್ಯಮಾಪನವನ್ನು ಹಿಂದಿಗಿಂತ ಹೆಚ್ಚಾಗಿ ಅವಲಂಬಿಸಿದೆ. ಮೌಲ್ಯಮಾಪನ ಮಾಡುವವನ ಮೇಲೆಯೇ ದೂರು ಕೊಡಬೇಕಾದಾಗ ಅವನು ಕೊಡುವ ಬೆಲೆಯೂ ಅಷ್ಟೇ ಹೆಚ್ಚಿದೆ. ಹೀಗಿರುವಾಗ ದೂರಿನ ದಾರಿ ಕೋಟೆಯೊಳಗೇ ಸುತ್ತಿದರೆ, ಅವನು ಸುಮ್ಮನಿರುವುದೇ ಹೆಚ್ಚು.

ರಕ್ಷಣಾ ಸ್ಥಾಯೀ ಸಮಿತಿಯು 2024ರಲ್ಲಿ, ಕರ್ತವ್ಯದಲ್ಲಿ ಮಡಿದ ಅಗ್ನಿವೀರನ ಕುಟುಂಬಕ್ಕೂ ಉಳಿದ ಸೈನಿಕರ ಕುಟುಂಬಗಳಿಗೆ ದೊರೆಯುವ ಸೌಲಭ್ಯಗಳೇ ದೊರೆಯಬೇಕೆಂದು ಶಿಫಾರಸು ಮಾಡಿತು. ಹಳಗನ್ನಡದ ಓದುಗನಿಗೆ ಇದು ನೆತ್ತರುಗೊಡಗೆಯ ಪ್ರಶ್ನೆಯೆಂಬುದು ಕೂಡಲೇ ಹೊಳೆಯುತ್ತದೆ. ಸಾವಿರ ವರ್ಷಗಳ ಹಿಂದೆ ಒಡೆಯನ ಔದಾರ್ಯವಾಗಿದ್ದುದು ಇಂದು ಪ್ರಜೆಗಳ ಪ್ರತಿನಿಧಿಗಳು ಕೇಳುವ ಹಕ್ಕಾಗಿದೆ. ಬದಲಾವಣೆ ಸಣ್ಣದಲ್ಲ.

ಆದರೆ ನೆತ್ತರುಗೊಡಗೆ ಸತ್ತವನ ಮನೆಗೆ ಸಲ್ಲುವಂಥದು. ಬದುಕಿದ್ದು ಕಲಿಯುತ್ತಿರುವವನಿಗೆ ಸಲ್ಲಬೇಕಾದುದು ಬೇರೆ: ತನ್ನ ಮಾತನ್ನು ತನ್ನ ಮೇಲಿನವನಲ್ಲದ ಒಬ್ಬನು ಕೇಳುವನೆಂಬ ಭರವಸೆ. ಸಂವಿಧಾನದ 33ನೆಯ ಅನುಚ್ಛೇದವು ಸೈನಿಕನ ಹಕ್ಕುಗಳ ಕೀಲಿಕೈಯನ್ನು ಸಂಸತ್ತಿನ ಕೈಗೆ ಕೊಟ್ಟುದು ಬೀಗ ಹಾಕುವುದಕ್ಕಷ್ಟೇ ಅಲ್ಲ. ಆಗಾಗ ಬಾಗಿಲು ತೆರೆದು ಒಳಗೆ ನೋಡುವ ಹೊಣೆಯೂ ಅದರೊಡನೆ ಬಂದಿದೆ. ಉಡುಪಿಯ ಅಜ್ಜರಕಾಡಿನ ಹುತಾತ್ಮ ಸ್ಮಾರಕದ ಮುಂದೆ ಹೂವಿಡುವ ಸಮಾಜವು ಮಡಿದ ಸೈನಿಕನ ಋಣವನ್ನು ಬಲ್ಲದು. ತರಬೇತಿ ಮೈದಾನದಲ್ಲಿ ಬದುಕಿರುವ ಸೈನಿಕನ ಋಣವೂ ಅದೇ ಜೋಳವಾಳಿಯ ಇನ್ನೊಂದು ಮುಖ.